ಅರವತ್ತು ಸಾವಿರ ಮೈಲಿಗೇ ಪ್ಲಗ್ ಬಿಚ್ಚಿದೆ

“ನಿಮ್ಮನೇಲಿ ಯಾರೂ ಕಾಲೇಜಿಗೇ ಹೋಗಿಲ್ಲ, ನಿನ್ ಕೈಲಿ ಮೆಕ್ಯಾನಿಕ್ ಕೋರ್ಸ್ ಆಗಲ್ಲಮ್ಮ” ಎಂದವರು ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ನಮ್ಮ ಪಕ್ಕದ ಮನೆಯ ಎಂಜಿನಿಯರ್, ಮೂರ್ತಿ ಅಂಕಲ್. ಆದರೂ ಸೇರಿದೆ. ಕೊನೆಯ ಪರೀಕ್ಷೆಗೆ ಕೆಟ್ಟ ಗಾಡಿಯೊಂದನ್ನು ಸರಿಮಾಡಿ ತೋರಿಸಬೇಕಿತ್ತು. ಬೇಕೆಂದೇ ಅವರ ಪಿಕಪ್ ಟ್ರಕ್ ಕೇಳಿದೆ. ಹಬ್ಬಕ್ಕೆ ಅಡುಗೆ ಪಾತ್ರೆಗಳ ಟ್ರೇಲರ್ ಎಳೆದುಕೊಂಡು ಸುಮಾರು ಮುನ್ನೂರು ಮೈಲಿ ದೂರದ ಲೆಮಾಂಟ್ ದೇವಸ್ಥಾನದವರೆಗೂ ಹೋಗಿಬರುವ ಆ ಟರ್ಬೊ ಗಾಡಿ ಏರಿನಲ್ಲಿ ಮುಗ್ಗರಿಸುತ್ತಿತ್ತು.

“ಸ್ಪಾರ್ಕ್ ಪ್ಲಗ್ ಮುಟ್ಟಬೇಡ. ಗಾಡಿ ಜೊತೆ ಬಂದ ಬುಕ್ಕಲ್ಲಿ ಲಕ್ಷ ಮೈಲಿಗೆ ಬದಲಾಯಿಸಿ ಅಂತಿದೆ, ಇದಿನ್ನೂ ಅರವತ್ತು ಸಾವಿರ!” ಎಂದರು ಅಂಕಲ್.

“ಭಾರ ಎಳೆಯೋ ಗಾಡಿಗೆ ಬೇಗ ಬದಲಾಯಿಸ್ಬೇಕು ಅಂತಾನೂ ಅದೇ ಬುಕ್ಕಲ್ಲಿದೆ ಅಂಕಲ್. ಮುಂದಿನ ಪುಟ ಓದಿ.”

ಎಂಜಿನ್ ತಣ್ಣಗಾದ ಮೇಲೆ ಆರೂ ಪ್ಲಗ್ ಬಿಚ್ಚಿ ಅವರ ಮುಂದಿಟ್ಟೆ. ತುದಿಗಳು ಸವೆದು, ಕಿಡಿ ಹಾರುವ ಸಂದು ಅಗಲವಾಗಿತ್ತು. ಹೊಸವು ಹಾಕಿ, ಟ್ರೇಲರ್ ಕಟ್ಟಿ ಅದೇ ಏರು ಹತ್ತಿಸಿದೆ. ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ. ಹಿಂದಿನ ಸೀಟಲ್ಲಿ ಅಂಕಲ್ ಬುಕ್ಕಿನ ಮುಂದಿನ ಪುಟ ತಿರುವಿದರು. ಪರೀಕ್ಷೆ ನೋಡಲು ನನ್ನ ಪಕ್ಕ ಕೂತಿದ್ದ ಕೋರ್ಸಿನ ಮೇಷ್ಟ್ರು “ಪಾಸ್” ಎಂದು ಬರೆದರು.

ಸರ್ಟಿಫಿಕೇಟ್ ಕೈಗೆ ಬಂದ ದಿನ ಅದನ್ನು ಹುಬ್ಬಳ್ಳಿಯಿಂದ ಬಂದಿದ್ದ ಅವ್ವನಿಗೆ ಕೊಟ್ಟೆ. ಸೆರಗಿನಿಂದ ಒರೆಸಿ ಅವ್ವ ಹೇಳಿದಳು: “ಮನ್ಯಾಗ ಬ್ಯಾಡ, ಗ್ಯಾರೇಜಿನಾಗ ತೂಗಹಾಕು. ಆಗಂಗಿಲ್ಲ ಅಂದಾವ್ರ ಗಾಡಿ ಎಲ್ಲಾ ಅಲ್ಲೇ ಬರ್ತಾವ.”