ಹೌನ್ಸ್ಲೋದ ಕಾಮಾಕ್ಷಮ್ಮ ಮತ್ತು ಏಳು ಪದರದ ವೇಷ

ಲಂಡನ್ನಿನ ಹೌನ್ಸ್ಲೋದಲ್ಲಿ ಬೆಳಗಿನ ಐದೂವರೆ. ಹೀಥ್ರೋಗೆ ಇಳಿಯುವ ವಿಮಾನಗಳು ಆಗಲೇ ಸಾಲುಗಟ್ಟಿವೆ; ಒಂದೊಂದು ಹಾದುಹೋದಾಗಲೂ ಪುಸ್ತಕ ಕಟ್ಟುವ ಈ ಪುಟ್ಟ ವರ್ಕ್‌ಶಾಪಿನ ಕಿಟಕಿ ಗಾಜು ನಡುಗುತ್ತದೆ. ಅರವತ್ತೊಂದು ವರ್ಷದ ಕಾಮಾಕ್ಷಮ್ಮನಿಗೆ ಅದರ ಪರಿವೆಯೇ ಇಲ್ಲ. ಮುಂದೆ ಮಕ್ಕಳ ಚಿತ್ರಪುಸ್ತಕ ತೆರೆದಿದೆ, ನಡುಪುಟದಲ್ಲಿ ಕುಣಿಯುತ್ತಿರುವ ಒಂದು ವೇಷ. ಅಂಗೈಯಗಲದ ಏಳು ಬಟ್ಟೆ ತುಂಡುಗಳನ್ನು ಒಂದರ ಮೇಲೊಂದಿಟ್ಟು, ಮೇಲಂಚಿಗೆ ಹೊಲಿಗೆ ಹಾಕಿ, ಆ ಕಂತೆಯನ್ನು ವೇಷದ ಮೇಲೆ ಅಂಟಿಸುತ್ತಾರೆ. ಮಕ್ಕಳು ಕೆಳಂಚು ಹಿಡಿದು ಒಂದೊಂದೇ ಬಟ್ಟೆ ಎತ್ತಿ ನೋಡಬೇಕು. ಆರುನೂರು ಪ್ರತಿಗಳಲ್ಲಿ ಐನೂರೈವತ್ತು ಮುಗಿದಿವೆ. ಉಳಿದ ಐವತ್ತೂ ಸಿದ್ಧವಾಗಬೇಕು, ಮಧ್ಯಾಹ್ನ ವ್ಯಾನ್ ಬರುತ್ತದೆ.

"ನೀವು ಕೇಳಿ, ಪರವಾಗಿಲ್ಲ. ಕೈ ಮಾತ್ರ ನಿಲ್ಲಿಸಲ್ಲ," ಎನ್ನುತ್ತಾರೆ.

ನಮ್ಮ ಕಡೆ ಪುಸ್ತಕ ಅಂದರೆ ಬರೆದವರ ಹೆಸರು, ಹೆಚ್ಚೆಂದರೆ ಚಿತ್ರ ಬಿಡಿಸಿದವರ ಹೆಸರು. ಅಂಟು ಹಚ್ಚಿದವರನ್ನು ಕೇಳುವವರು ಯಾರು? ನಾನೂ ಕೇಳಿದವನಲ್ಲ. ಈ ಪುಸ್ತಕ ಹೊರಬರುವುದೇ ಅನುಮಾನವಾಗಿತ್ತು, ಒಬ್ಬ ಹೆಂಗಸು ಹಟ ಹಿಡಿದು ಕೂತಿದ್ದರು ಎಂಬ ಸುದ್ದಿ ಕಿವಿಗೆ ಬಿದ್ದಮೇಲೆ ಇಲ್ಲಿಗೆ ಬಂದೆ.

ಕಾಮಾಕ್ಷಮ್ಮ ತುಮಕೂರು ಸೀಮೆಯವರು. ಗಂಡ ಅಶ್ವತ್ಥನಾರಾಯಣ ಹೋಟೆಲಿನ ಅಡುಗೆ ಕೆಲಸಕ್ಕೆಂದು ಲಂಡನ್ನಿಗೆ ಬಂದರು, ಹಿಂದೆಯೇ ಇವರು. ಇಪ್ಪತ್ತು ವರ್ಷದ ಹಿಂದೆ ಗಂಡನ ಸೊಂಟ ಕೈಕೊಟ್ಟಿತು. ಅಲ್ಲಿಂದ ಮನೆಯ ನೊಗ ಇವರ ಹೆಗಲಿಗೆ. ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಹದಿನೆಂಟು ವರ್ಷ ಪ್ಯಾಂಟಿನ ಅಂಚು ಮಡಿಚಿದರು. ಅಂಗಡಿ ಮುಚ್ಚಿದಾಗ ಬೆಂಗಳೂರಿನ ಅಭಿಜಿತ್ ಈ ವರ್ಕ್‌ಶಾಪಿಗೆ ಕರೆದ. ಐಟಿ ಕೆಲಸ ಬಿಟ್ಟು, ಕೈಯಿಂದ ಮಾಡುವ ಮಕ್ಕಳ ಪುಸ್ತಕಗಳ ಹುಚ್ಚು ಹಚ್ಚಿಕೊಂಡ ಹುಡುಗ ಅವನು. ಈಗ ಇವರ ಬಲಗೈ ಹೆಬ್ಬೆರಳು ನೆಟ್ಟಗೆ ಮಡಚುವುದಿಲ್ಲ. ಜಿಪಿ ಡಾಕ್ಟರ ಹತ್ತಿರ ಹೋದರೆ ರೆಸ್ಟ್ ತಗೊಳ್ಳಿ ಅಂತಾರೆ, ಇವರು ಹೂಂ ಅಂದು ಬರುತ್ತಾರೆ.

ಪುಸ್ತಕ ಬರೆದವರು ಫೊಲಾಕೆ, ನೈಜೀರಿಯಾ ಮೂಲದ ನಿವೃತ್ತ ನರ್ಸ್. ಅವರ ಯೊರುಬಾ ಜನರ ಹಬ್ಬದಲ್ಲಿ ಎಗುಂಗುನ್ ಎಂಬ ವೇಷ ಬೀದಿಗಿಳಿಯುತ್ತದೆ. ತಲೆಯಿಂದ ಕಾಲಿನವರೆಗೆ ಬರೀ ಬಟ್ಟೆಯ ಪಟ್ಟಿಗಳು, ಮೈ ಒಂದಿಂಚೂ ಕಾಣುವುದಿಲ್ಲ. ತೀರಿಹೋದ ಹಿರಿಯರೇ ಮನೆಮಂದಿಯನ್ನು ನೋಡಲು ಬಂದರೆಂಬ ನಂಬಿಕೆ. ಒಳಗೆ ಯಾರಿದ್ದಾರೆಂದು ಗೊತ್ತಿದ್ದರೂ ಯಾರೂ ಬಾಯಿಬಿಡುವುದಿಲ್ಲ. ಬಟ್ಟೆ ಆರಿಸಲು ಬಂದ ದಿನ ಫೊಲಾಕೆ ಇದನ್ನೆಲ್ಲ ಕಾಮಾಕ್ಷಮ್ಮನ ಪಕ್ಕದಲ್ಲಿ ಕೂತು ಹೇಳಿದ್ದರು.

ಎಡವಟ್ಟಾದದ್ದು ಅಭಿಜಿತ್‌ನಿಂದ. ಮಕ್ಕಳು ಬಟ್ಟೆ ಎತ್ತಿದರೆ ಕೆಳಗೆ ಏನಾದರೂ ಸಿಗಬೇಕಲ್ಲ ಎಂದು, ವೇಷದೊಳಗೆ ನಗುವ ಅಜ್ಜನ ಮುಖವೊಂದನ್ನು ಬಿಡಿಸಿ ಅಚ್ಚು ಹಾಕಿಸಿಬಿಟ್ಟ. ಫೊಲಾಕೆಗೆ ಸರ್‌ಪ್ರೈಸ್ ಆಗಲಿ ಎಂದು ಅವರಿಗೂ ಹೇಳಲಿಲ್ಲ. ಆರುನೂರೂ ಪ್ರತಿ ಬಂದಿಳಿದವು. ಮೊದಲ ಪ್ರತಿ ಬಿಚ್ಚಿದ ಕಾಮಾಕ್ಷಮ್ಮ ಅಂಟಿನ ಬ್ರಷ್ ಕೆಳಗಿಟ್ಟರು.

"ಇದನ್ನ ನಾನು ಅಂಟಿಸಲ್ಲ ಕಣಪ್ಪ."

"ಆಂಟಿ, ಪ್ರಿಂಟ್ ಆಗೋಗಿದೆ. ಹನ್ನೆರಡು ದಿನಕ್ಕೆ ಡೆಲಿವರಿ. ಮಕ್ಕಳ ಪುಸ್ತಕ, ಯಾರು ಅಷ್ಟೆಲ್ಲ ನೋಡ್ತಾರೆ?"

"ಫೊಲಾಕೆ ನೋಡ್ತಾರೆ."

"ನೀವು ಮಾಡಲ್ಲ ಅಂದ್ರೆ ಬೇರೆಯವರನ್ನ ಕರೀಬೇಕಾಗತ್ತೆ."

"ಕರ್ಕೊಂಡ್ ಬಾ. ನಾನು ಈ ಕುರ್ಚಿ ಬಿಟ್ಟು ಏಳಲ್ಲ."

ಇದ್ದ ಒಂದು ಕೆಲಸ ಹೋಗುವ ಮಾತು ಅದು. ಯಾರದ್ದೋ ದೇಶದ ವೇಷಕ್ಕೆ ಇಷ್ಟೊಂದು ಹಟವೇಕೆ ಎಂದು ಕೇಳುತ್ತೇನೆ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಕೈ ನಿಲ್ಲುತ್ತದೆ.

"ನಮ್ಮೂರಲ್ಲಿ ಸೋಮನ ಕುಣಿತ ಇತ್ತು, ಗ್ರಾಮದೇವತೆ ಹಬ್ಬಕ್ಕೆ ಮರದ ಮುಖ ಕಟ್ಟಿ ಕುಣಿಯೋದು. ಮುಖ ಕಟ್ಟಿದ್ಮೇಲೆ ಅವ್ರು ಊರೋರಲ್ಲ, ದೇವಿ ಕಡೆಯೋರು. ನಮ್ಮಪ್ಪ ಮಲ್ಲಪ್ಪ, ಸೋಮನ ಮುಖ ಕಟ್ಕೊಂಡು ಕುಣೀತಿದ್ರು. ಎಂಟು ವರ್ಷ ನಂಗೆ. ಕಾಲ್ಬೆರಳು ನೋಡಿ ಗುರುತು ಸಿಕ್ತು, 'ಅಪ್ಪ' ಅಂತ ಕೂಗಿಬಿಟ್ಟೆ. ಕುಣೀತಿದ್ದೋರು ಹಂಗೇ ನಿಂತುಬಿಟ್ರು. ವಾದ್ಯನೂ ನಿಂತೋಯ್ತು. ಯಾರೂ ಹೊಡೀಲಿಲ್ಲ, ಬೈಲಿಲ್ಲ. ಆದ್ರೆ ಅಪ್ಪ ಆಮೇಲೆ ಯಾವತ್ತೂ ಮುಖ ಕಟ್ಟಲಿಲ್ಲ."

ಬ್ರಷ್ ಕೆಳಗಿಟ್ಟ ದಿನವೇ ಕಾಮಾಕ್ಷಮ್ಮ ಫೊಲಾಕೆಗೆ ಫೋನ್ ಮಾಡಿದರು. ಬಸ್ಸು ಬದಲಿಸಿಕೊಂಡು ಬಂದ ಆಕೆ ಪುಟ ನೋಡಿ ಪುಸ್ತಕ ಮುಚ್ಚಿಟ್ಟರು. ಊರಿನಲ್ಲಿ ತಮ್ಮ ಅಪ್ಪ ತೀರಿಕೊಂಡಾಗ ಆಸ್ಪತ್ರೆಯ ವಾರ್ಡ್ ಬಿಟ್ಟು ಹೋಗಲಾಗಿರಲಿಲ್ಲ, ಆ ಅಪ್ಪನಿಗಾಗಿಯೇ ಬರೆದ ಪುಸ್ತಕ ಇದು ಎಂದರು. ಈ ಮುಖವಿಟ್ಟುಕೊಂಡು ಅದು ಹೊರಹೋಗುವುದಾದರೆ ಪುಸ್ತಕವೇ ಬೇಡ ಎಂದೂ ಹೇಳಿದರು. ಅಭಿಜಿತ್ ತಲೆ ತಗ್ಗಿಸಿದ.

ದಾರಿ ಹುಡುಕಿದ್ದು ಕಾಮಾಕ್ಷಮ್ಮ. ಎಲ್ಲಕ್ಕಿಂತ ಅಡಿಯ ಬಟ್ಟೆಯನ್ನು ಮುಖದ ಮೇಲೆ ನಾಲ್ಕೂ ಕಡೆ ಒತ್ತಿ ಅಂಟಿಸಿಬಿಡುವುದು, ಉಗುರು ಹಾಕಿದರೂ ಏಳಬಾರದು. ಅದರ ಮೇಲೆ ಇನ್ನೂ ಆರು. ಎತ್ತಿದಷ್ಟೂ ಬಟ್ಟೆ. ಫೊಲಾಕೆಯ ಮುಖ ಅರಳಿತು. ಎಗುಂಗುನ್‌ಗೂ ಹಾಗೆಯೇ ಅಂತೆ, ಮನೆಯವರು ವರ್ಷ ವರ್ಷ ಹೊಸ ಬಟ್ಟೆ ಸೇರಿಸುತ್ತ ಹೋಗುತ್ತಾರಂತೆ.

ಪುಸ್ತಕಕ್ಕೊಂದೇ ಬಟ್ಟೆ ಎಂದುಕೊಂಡಿದ್ದ ಕೆಲಸ ಏಳಾಯಿತು. ದಿನಕ್ಕೆ ಐವತ್ತು ಪುಸ್ತಕ, ಮುನ್ನೂರೈವತ್ತು ತುಂಡು, ಹನ್ನೆರಡು ದಿನ. ಫೊಲಾಕೆಯ ಗೆಳತಿಯರು ಹಳೆಯ ಬಣ್ಣದ ಬಟ್ಟೆಗಳನ್ನು ಚೀಲಗಟ್ಟಲೆ ತಂದರು. ಸಾಲದೆ ಬಂದಾಗ ಕಾಮಾಕ್ಷಮ್ಮ ತಮ್ಮ ಕಾಟನ್ ಸೀರೆಗಳಿಗೇ ಕತ್ತರಿ ಹಾಕಿದರು. "ಸದ್ಯ, ನಂದೊಂದು ಲುಂಗಿ ಉಳಿಸಿದಾಳೆ," ಎಂದು ಅಶ್ವತ್ಥನಾರಾಯಣ ಫೋನಿನಲ್ಲಿ ನನಗೆ ದೂರು ಹೇಳುತ್ತಾರೆ. ಹೆಂಡತಿಯ ಹೆಬ್ಬೆರಳಿಗೆ ಸಂಜೆ ಬಿಸಿನೀರಿನ ಶಾಖ ಕೊಡುವವರು ಅವರೇ.

ಹನ್ನೊಂದೂ ಮುಕ್ಕಾಲಿಗೆ ಆರುನೂರನೆಯದು ಮುಗಿಯುತ್ತದೆ. ಇಷ್ಟು ಹೊತ್ತೂ ಪೆಟ್ಟಿಗೆ ಕಟ್ಟುತ್ತಿದ್ದ ಅಭಿಜಿತ್ ಅದನ್ನು ತನ್ನ ಐದು ವರ್ಷದ ಮಗಳು ಮಾನ್ಯಾಳ ಕೈಗೆ ಕೊಡುತ್ತಾನೆ. ಶನಿವಾರವಾದ್ದರಿಂದ ಅಪ್ಪನ ಜೊತೆ ಬಂದಿದ್ದಾಳೆ. ಒಂದು, ಎರಡು, ಮೂರು ಎಂದು ಬಟ್ಟೆ ಎತ್ತುತ್ತ ಹೋದವಳು ಏಳನೆಯದರ ಮೇಲೆ ಬೆರಳಾಡಿಸುತ್ತಾಳೆ. ಏಳುವುದಿಲ್ಲ. ಒಳಗೆ ಯಾರಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಆ ಮುಖ ಬಿಡಿಸಿದ ಮನುಷ್ಯ ಬಾಯಿ ತೆರೆಯುತ್ತಾನೆ, ಕಾಮಾಕ್ಷಮ್ಮನ ಕಡೆ ನೋಡುತ್ತಾನೆ, ಬಾಯಿ ಮುಚ್ಚಿಕೊಳ್ಳುತ್ತಾನೆ. ಮಗು ಬಟ್ಟೆಗಳನ್ನು ಒಂದೊಂದಾಗಿ ಇಳಿಸಿ, ವೇಷಕ್ಕೆ ಕೈ ಮುಗಿಯುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ.

ವ್ಯಾನ್ ಹೊರಟಮೇಲೆ, ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲವಲ್ಲ ಎನ್ನುತ್ತೇನೆ. ಕಾಮಾಕ್ಷಮ್ಮ ಹೆಬ್ಬೆರಳು ನೀವಿಕೊಳ್ಳುತ್ತಾರೆ.

"ನನ್ನ ಹೆಸರು ಯಾಕೆ? ಆರುನೂರು ಮಕ್ಕಳು ಒಳಗೆ ಯಾರು ಅಂತ ಕೇಳ್ತಾರೆ. ಒಬ್ಬರಾದ್ರೂ ದೊಡ್ಡೋರು ಉತ್ತರ ಹೇಳದೆ ಇದ್ರೆ ಸಾಕು."