ಲಾಭ, ಎರಡು, ಮೂರು

ಬಸ್ಸಿನ ಟಾಪಿನಿಂದ ಚೀಲ ಜಾರಿ ರಸ್ತೆಗೆ ಬೀಳಬಹುದಿತ್ತು. ಕಂಡಕ್ಟರ್ ಲಗೇಜಿಗೆ ಜಗಳ ತೆಗೆದು ಅರ್ಧ ದಾರಿಯಲ್ಲಿ ಇಳಿಸಬಹುದಿತ್ತು. ಸುಂಕದವನು ಬುಟ್ಟಿಗೆ ಒದೆಯಬಹುದಿತ್ತು. ಭದ್ರಾವತಿಗೆ ಎಂದೂ ಕಾಲಿಡದ ಶಿವಮೊಗ್ಗ ದುರ್ಗಿಗುಡಿಯ ನನ್ನ ಭಾವ ಅವತ್ತೇ ಬಂದು, ಸೌತೆಕಾಯಿ ಮಾರಲು ಬೀದಿಯಲ್ಲಿ ಕೂತ ನನ್ನನ್ನು ನೋಡಿ ನೆಂಟರಿಗೆಲ್ಲ ಸಾರಬಹುದಿತ್ತು. ಕಾಯಿಯೇ ಕಹಿಯಾಗಿರಬಹುದಿತ್ತು. ಅದನ್ನು ಪರೀಕ್ಷಿಸಲು ಹಿಂದಿನ ಸಂಜೆ ಪ್ರತಿ ಸಾಲಿನ ಕಾಯಿ ಕಡಿದು ತಿಂದಿದ್ದೆ. ಹಾಗಾಗಿ ವ್ಯಾಪಾರದ ನಡುವೆ ಹೊಟ್ಟೆ ಹಿಡಿದುಕೊಂಡು ನಾನೇ ಓಡಬೇಕಾಗಬಹುದಿತ್ತು.

ಎಲ್ಲಕ್ಕಿಂತ ದೊಡ್ಡ ಭಯ ಬೇರೆ. ಕಾಯಿ ಉಳಿದರೆ ಅದನ್ನು ಹೊತ್ತು ಶಿವಮೊಗ್ಗದ ದಲ್ಲಾಳಿಯ ಮುಂದೆ ನಿಲ್ಲಬೇಕಿತ್ತು.

ತೊಂಬತ್ತರ ದಶಕದ ಮಾತು. ನಮ್ಮ ಹೊಲದ ಸೌತೆ ಭದ್ರಾವತಿ ದಾಟಿ ಶಿವಮೊಗ್ಗದ ಮಂಡಿಗೆ ಹೋಗಿ, ಅಲ್ಲಿ ಬಾಡಿ, ಮತ್ತೆ ಭದ್ರಾವತಿಯ ಅಂಗಡಿಗೇ ಬಂದು ಕೂರುತ್ತಿತ್ತು. ಮಂಡಿಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಖರೀದಿದಾರನ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ. ಬೆರಳುಗಳು ಏನು ಮಾತಾಡಿಕೊಂಡವೆಂಬುದು ಬೆಳೆದವನಿಗೆ ತಿಳಿಯುವಂತಿರಲಿಲ್ಲ. ಒಂದು ದಿನ ನಾನು ಧೈರ್ಯ ಮಾಡಿ, ಟವೆಲ್ ತೆಗೆದು ಬಾಯಲ್ಲೇ ಬೆಲೆ ಹೇಳಿ ಎಂದೆ. ಅದು ಸಾಲ ಕೇಳಿದ ಹಾಗೆ ಕೇಳಿಸಿತು. ಅವನು ನಮ್ಮ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ.

"ಹೋಗಿ ಮಾರಾಯ್ರೆ, ನೀವೇ ಮಾರ್ಕೊಳ್ಳಿ. ಬಾಡಿದ್ಮೇಲೆ ಇಲ್ಲಿಗೇ ತರ್ತೀರಲ್ಲ, ಆಗ ನಾನು ಹೇಳಿದ್ದೇ ರೇಟು."

ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಅವನಿಗೆ ಅದರಿಂದ ಏನೂ ನಷ್ಟವಾಗಿಲ್ಲ ಎಂಬುದೂ ಗೊತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಅವನು ಹೇಳಿದಂತೆಯೇ ಮಾಡೋಣ, ಭದ್ರಾವತಿ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸ್ ಬಳಿ ಕೂತು ಮಾರೋಣ ಎಂದಳು. ಆ ರಾತ್ರಿಯಿಂದ ನನಗೆ ನಿದ್ದೆಯಿಲ್ಲ.

ಕೂತೆವು. ಭಾವ ಬರಲಿಲ್ಲ, ಸುಂಕದವನು ಚೀಟಿ ಹರಿದುಕೊಟ್ಟು ಸುಮ್ಮನೆ ಹೋದ, ಹೊಟ್ಟೆಯೂ ಮರ್ಯಾದೆ ಉಳಿಸಿತು. ಮೊದಲು ಬಂದವಳು ಕಾರ್ಖಾನೆಯ ಕೆಲಸಗಾರನ ಹೆಂಡತಿ, ತಮಿಳು ಮನೆಮಾತಿನವಳು. ಒಂದು ಕಾಯಿ ಮುರಿದು, ಮೂಸಿ, ನನ್ನ ಮುಖವನ್ನು ಕಾಯಿಗಿಂತ ಹೆಚ್ಚು ಅನುಮಾನದಿಂದ ನೋಡಿ, ಡಜನ್ ಕೊಡು ಎಂದಳು. ನಮ್ಮ ಮನೆಯಲ್ಲಿ ಭತ್ತ ಅಳೆಯಲಿ, ಕಾಯಿ ಎಣಿಸಲಿ, ಬಾಯಲ್ಲಿ ಮೊದಲಿಗೆ 'ಒಂದು' ಬರುವಂತಿಲ್ಲ. ಅದರ ಜಾಗದಲ್ಲಿ 'ಲಾಭ' ಅನ್ನಬೇಕು. ಲಾಭ ಎನ್ನುತ್ತಾ ಅವಳ ಚೀಲಕ್ಕೆ ಮೊದಲ ಕಾಯಿ ಹಾಕಿದೆ.

"ನಿಲ್ಸಪ್ಪ," ಅಂದಳು. "ಅದು ಲಾಭ ಅಂದ್ಯಲ್ಲ. ಚೀಲ ನಂದು, ಲಾಭಾನೂ ನಂದು. ಈಗ ಒಂದರಿಂದ ಎಣ್ಸು."

ಲಾಭ ಅಂದರೇ ಒಂದು ಎಂದು ವಿವರಿಸಿದೆ. ಅವಳು ಹಿಂದೆ ನಿಂತಿದ್ದವರ ಕಡೆ ತಿರುಗಿ, ಇವನಿಗೆ ಎಣಿಸೋಕೂ ಬರಲ್ಲ, ಮೋಸ ಮಾಡೋಕೂ ಬರಲ್ಲ ಎಂದಳು. ಎರಡನೆಯದು ಹೆಚ್ಚು ಚುಚ್ಚಿತು. ಜನ ನಕ್ಕರು, ಇಬ್ಬರು ಹೊರಡಲು ಅಣಿಯಾದರು. ನನ್ನ ಕಣ್ಣ ಮುಂದೆ ಆ ಟವೆಲ್ ಬಂತು. ಒಂದರಿಂದ ಎಣಿಸಿದೆ; ಡಜನ್ನಿಗೆ ಹದಿಮೂರು ಹೋಯಿತು.

ನಂತರ ಬಂದವರೆಲ್ಲ ಅದೇ ಲೆಕ್ಕ ಕೇಳಿದರು. ಲಾಭದ ಶಬ್ದವನ್ನೇ ಬಿಟ್ಟು ನೇರ ಒಂದು ಎಂದುಬಿಡಲೇ ಎಂದು ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದೆ.

"ಮೊದಲ್ನೇ ದಿನಾನೇ ಅಪಶಕುನ ನುಡೀಬೇಡಿ," ಅಂದಳು, ಕಾಯಿ ಆರಿಸುತ್ತಲೇ. "ಹಾಕಿ."

ಪಾಳಿ ಬಿಡುವ ಸೈರನ್ ಕೂಗುವ ಮೊದಲೇ ಬುಟ್ಟಿ ಬರಿದಾಯಿತು. ದಲ್ಲಾಳಿಯ ಮುಂದೆ ಮತ್ತೆ ನಿಲ್ಲಬೇಕಾಗಲಿಲ್ಲ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ; ಅಷ್ಟೂ ನಿದ್ದೆಗೇಡು ದಂಡ.

ಆಗಿದ್ದು ಇಷ್ಟೇ: ಮುಂದಿನ ವಾರ ನಾವು ಬಸ್ಸಿಳಿಯುವಷ್ಟರಲ್ಲಿ ಅದೇ ಹೆಂಗಸು ನಮ್ಮ ಜಾಗದಲ್ಲಿ ಚೀಲದ ಬಾಯಿ ಅಗಲಿಸಿಕೊಂಡು ನಿಂತಿದ್ದಳು.

"ಮೊದ್ಲು ಲಾಭ ಹಾಕಪ್ಪ," ಅಂದಳು. "ಡಜನ್ ಬೇಕೋ ಬೇಡ್ವೋ ಆಮೇಲೆ ಹೇಳ್ತೀನಿ."