ಪೈಲಟ್ ಅಜ್ಜನ ಮೈಕ್ ಜೀಪು

ನೀವು ಇದನ್ನು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಸರವಿಲ್ಲ. ನನ್ನ ಮಾತನ್ನು ನಂಬದಿರುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ. ಆದರೆ ಈಗಲೂ ಬೀದಿಯಲ್ಲಿ ಯಾವುದಾದರೂ ಆಟೋದ ಮೇಲಿನ ಮೈಕು ಕೊರಕೊರ ಎಂದು ಗಂಟಲು ಸರಿಮಾಡಿಕೊಂಡು 'ಹಲೋ, ಹಲೋ' ಅಂದರೆ ಸಾಕು, ನನ್ನ ಮೂಗಿಗೆ ಪೆಟ್ರೋಲು ಮತ್ತು ಒದ್ದೆ ಕ್ಯಾನ್ವಾಸಿನ ವಾಸನೆ ಬಡಿಯುತ್ತದೆ. ಹದಿನಾಲ್ಕು ವರ್ಷದ ಬಾಯಿಬಡುಕಿಯಾಗಿ ನಾನು ಮತ್ತೆ ಪೈಲಟ್ ಅಜ್ಜನ ಜೀಪಿನಲ್ಲಿ ಕೂತಿರುತ್ತೇನೆ.

ಪೈಲಟ್ ಅಜ್ಜ ಅಂದರೆ ನನ್ನ ಅಜ್ಜನ ತಮ್ಮ. ಬಾಂಗ್ಲಾ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿ, ಪದಕ ತಂದು, ಮದುವೆಯಾಗುವುದನ್ನು ಮರೆತು, ಕಳಸದ ದಾರಿಯಲ್ಲಿದ್ದ ತಮ್ಮ ಪಾಲಿನ ಕಾಫಿ ತೋಟಕ್ಕೆ ಬಂದು ಇಳಿದವರು. ಅವರ ಬಂಗಲೆ ಈಗಿಲ್ಲ. ಆ ಜಾಗದಲ್ಲಿ ಶನಿವಾರ ಶನಿವಾರ ಪ್ರವಾಸಿಗರು ಬೆಂಕಿ ಹಾಕಿಕೊಂಡು ಕುಣಿಯುತ್ತಾರೆ. ನನಗೆ ಮಾತ್ರ ಅಲ್ಲಿ ಇನ್ನೂ ಅಜ್ಜನ ಬೂಟ್ ಪಾಲಿಶಿನ ವಾಸನೆಯೇ ಇದೆ. ಕಣದಲ್ಲಿ ಒಣಗುವ ಕಾಫಿಯ ಹುಳಿವಾಸನೆಯೂ ಅದಕ್ಕೆ ಸೆಲ್ಯೂಟ್ ಹೊಡೆದು ಒಳಗೆ ಬರಬೇಕಿತ್ತು. ಹಜಾರದ ಗೋಡೆಗಡಿಯಾರವನ್ನು ಶತ್ರುವಿಮಾನದಿಂದ ಬಿಚ್ಚಿ ತಂದದ್ದು ಎಂದು ನಾನು ಶಾಲೆಯಲ್ಲಿ ಹೇಳಿದ್ದೆ. ಅದು ಮೂಡಿಗೆರೆ ಸಂತೆಯದು. ಅಜ್ಜ ಹೊಡೆದುರುಳಿಸಿದ್ದು ಒಂದು ವಿಮಾನ. ನಾನು ಐದನೇ ಕ್ಲಾಸಿನಲ್ಲಿ ಅದನ್ನು ಮೂರು ಮಾಡಿದೆ, ಏಳಕ್ಕೆ ಬರುವ ಹೊತ್ತಿಗೆ ಶತ್ರುಗಳ ಹತ್ತಿರ ವಿಮಾನವೇ ಉಳಿದಿರಲಿಲ್ಲ.

ಜೀಪು ಹತ್ತುವುದಕ್ಕೂ ಅಜ್ಜನದೊಂದು ಶಾಸ್ತ್ರವಿತ್ತು. ವಿಮಾನ ಏರುವ ಮುಂಚಿನ ಅಭ್ಯಾಸವಂತೆ. ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ಅವರು ಹೆಸರು ಹೇಳಬೇಕು, ಪಕ್ಕದ ಸೀಟಿನಲ್ಲಿದ್ದವರು ಉತ್ತರ ಕೊಡಬೇಕು. ಬ್ರೇಕ್? ಸರಿ. ಹಾರನ್? ಸರಿ. ವೈಪರ್? ಅಲ್ಲಾಡಲ್ಲ. ಅದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಗಾಡಿ ಹೊರಡುತ್ತಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರು ಈ ಪೂಜೆ ಮುಗಿಯುವವರೆಗೆ ಒಂದು ಬೀಡಿ ಸೇದಿ ಬರುತ್ತಿದ್ದರು. ನನ್ನ ಅಪ್ಪ ಕಣಿವೆಯ ಶಾಲೆಯಲ್ಲಿ ಮೇಷ್ಟ್ರು, ಗಂಭೀರ ಮನುಷ್ಯ. ಅವರಂತೂ ಈ ಶಾಸ್ತ್ರ ತಪ್ಪಿಸಿಕೊಳ್ಳಲೆಂದೇ ಚಿಕ್ಕಪ್ಪನ ಜೀಪು ಹತ್ತದೆ ಬಸ್ಸಿಗೆ ಕಾಯುತ್ತಿದ್ದರು.

ಇಂಥ ಅಜ್ಜ ತೊಂಬತ್ತರ ದಶಕದ ಕೊನೆಗೆ ಜಿಲ್ಲಾ ಪಂಚಾಯ್ತಿ ಚುನಾವಣೆಗೆ ನಿಂತರು, ಪಕ್ಷೇತರರಾಗಿ. ನಮ್ಮ ಹಳ್ಳಕ್ಕೊಂದು ಸೇತುವೆ ಬೇಕೆಂದು ಕಚೇರಿ ಕಚೇರಿ ಅಲೆದು ಬೇಸತ್ತು ನಿಂತದ್ದು. ವಿಮಾನದ ಗುರುತು ಕೇಳಿದ್ದರು, ಸೀಲಿಂಗ್ ಫ್ಯಾನ್ ಸಿಕ್ಕಿತು. ಆ ಚಳಿಯ ಊರಿನಲ್ಲಿ ಫ್ಯಾನ್ ಇದ್ದ ಮನೆಯೇ ಇರಲಿಲ್ಲ. ಕರಪತ್ರ ನೋಡಿದ ಹೆಂಗಸರು ಇದು ಯಾವ ಹೂವು ಎಂದು ಕೇಳಿದರು. ಪಕ್ಷವಿಲ್ಲ, ಜಾತಿಯ ಲೆಕ್ಕವಿಲ್ಲ. ಅಜ್ಜನಿಗಿದ್ದದ್ದು 'ಯಾವುದಕ್ಕೂ ಹೆದರದ ಮನುಷ್ಯ' ಎಂಬ ಹೆಸರೊಂದೇ. ಅದು ಹೋದರೆ ಚುನಾವಣೆಯೂ ಹೋಯಿತು, ಸೇತುವೆಯೂ ಹೋಯಿತು.

ಆ ಹೆಸರು ಎಂಥ ತೆಳ್ಳನೆಯ ದಾರದಲ್ಲಿ ನೇತಾಡುತ್ತಿತ್ತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಮೊದಲ ಸಭೆಯಲ್ಲಿ ಅಜ್ಜ ಎದ್ದು ನಿಂತು 'ನಮಸ್ಕಾರ' ಅಂದರು, ಸ್ವಲ್ಪ ಹೊತ್ತು ಆಕಾಶ ನೋಡಿದರು, 'ಅಷ್ಟೇ' ಎಂದು ಇಳಿದುಬಿಟ್ಟರು. ಮಿಲಿಟರಿಯವರು, ಮಾತು ಕಡಿಮೆ ಎಂದು ಜನ ಮೆಚ್ಚಿಕೊಂಡರು. ಹಿಂದೆ ನಿಂತಿದ್ದ ನಾನು ನೋಡಿದ್ದು ಪ್ಯಾಂಟಿನೊಳಗೆ ಗಡಗಡ ನಡುಗುತ್ತಿದ್ದ ಎರಡು ಮೊಣಕಾಲು. ಆಮೇಲೆ ಅಜ್ಜ ವೇದಿಕೆ ಹತ್ತಲಿಲ್ಲ. ಜೀಪಿನ ಮೇಲೆ ಎರಡು ಮೈಕು ಕಟ್ಟಿಸಿ, ಒಳಗೆ ಯಾರಿಗೂ ಕಾಣದಂತೆ ಕೂತು ಮಾತಾಡಿದರು. ಎದುರಿಗೆ ಮುಖಗಳಿಲ್ಲದಿದ್ದರೆ ಅವರದು ಬಂಗಾರದ ಗಂಟಲು. ವಿಮಾನದ ರೇಡಿಯೋದಲ್ಲಿ ಮಾತಾಡಿ ಬಂದ ರೂಢಿ ನೋಡಿ, ಮಂಜಿನೊಳಗಿಂದ ಆ ದನಿ ತೇಲಿ ಬಂದರೆ ಕಾಫಿ ಕುಯ್ಯುವವರು ಬುಟ್ಟಿ ಇಳಿಸಿ ಕೇಳುತ್ತಿದ್ದರು.

ನಾನು ಹೇಳಹೊರಟ ಆ ದಿನ, ಮೈಕು ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಜ್ವರ. ನಾನು ಮನೆಯಲ್ಲಿ ಟ್ಯೂಷನ್ ಎಂದು ಹೇಳಿ ಜೀಪು ಹತ್ತಿದ್ದೆ. ಸಂಜೆ ನಾಲ್ಕರ ಹೊತ್ತಿಗೆ ಘಟ್ಟದ ತಿರುವಿನಲ್ಲಿ ಮಂಜು ಇಳಿಯಿತು. ಇಳಿಯಿತು ಅಂದರೆ ಯಾರೋ ಗಾಜಿಗೆ ಸುಣ್ಣ ಬಳಿದ ಹಾಗೆ. ಜೊತೆಗೆ ಮಳೆ. ಅಜ್ಜ ಮಾಡುತ್ತಿದ್ದ ಭಾಷಣ ನಿಲ್ಲಿಸಿ ಮೈಕನ್ನು ಮಡಿಲಿಗೆ ಹಾಕಿಕೊಂಡು ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದರು. ಅಷ್ಟರಲ್ಲಿ ಎಡಗಡೆಯ ಮುಂದಿನ ಚಕ್ರ ಮೆತ್ತನೆ ಮಣ್ಣಿಗೆ ಇಳಿದು, ಜೀಪು ಕಣಿವೆಯ ಕಡೆ ವಾಲಿತು. ವಾಲಿದ್ದು ನನ್ನ ಕಡೆ. ಕಿಟಕಿಯ ಹೊರಗೆ ನೆಲವಿರಲಿಲ್ಲ, ಬರೀ ಬಿಳಿ. ನನ್ನ ಕಾಲಿನ ಒಂದು ಚಪ್ಪಲಿ ಜಾರಿ ಆ ಬಿಳಿಯೊಳಗೆ ಹೋಯಿತು. ಬಿದ್ದ ಸದ್ದಿಗಾಗಿ ಕಾದೆ. ನಾನು ಎಲ್ಲವನ್ನೂ ದೊಡ್ಡದು ಮಾಡಿ ಹೇಳುವವಳು ನಿಜ, ಆದರೆ ಇದನ್ನು ಮಾಡುತ್ತಿಲ್ಲ: ಸದ್ದು ಬರಲಿಲ್ಲ.

ಅಜ್ಜ ಹ್ಯಾಂಡ್‌ಬ್ರೇಕ್ ಎಳೆದು ಹಿಡಿದರು. ಕೈ ಬಿಟ್ಟರೆ ಅದು ನಿಲ್ಲುತ್ತಿರಲಿಲ್ಲ. ಅಲ್ಲಾಡಬೇಡ ಅಂದರು. ನಾನು ಅಳಲು ಶುರುಮಾಡಿದೆ. ಸಾಯೋಕೆ ಇಷ್ಟ ಇಲ್ಲ ಅಜ್ಜ ಎಂದು ಬಿಕ್ಕಿದೆ, ಅಮ್ಮನನ್ನು ಕರೆದೆ, ಅಪ್ಪನನ್ನು ಕರೆದೆ. ಅಜ್ಜ ರಸ್ತೆ ನೋಡುತ್ತಲೇ ಶಾಸ್ತ್ರ ಶುರುಮಾಡಿದರು.

"ಪುಟ್ಟೀ, ಕೈ?"

"ಸರಿ."

"ಕಾಲು?"

"ಸರಿ. ಒಂದು ಚಪ್ಪಲಿ ಇಲ್ಲ."

"ಹೆದರಿಕೆ?"

ಇದನ್ನು ಅವರು ಯಾವತ್ತೂ ಕೇಳಿರಲಿಲ್ಲ. ಇದೆ ಅಜ್ಜ ಅಂದೆ.

"ಇದ್ರೆ ಸರಿ ಮಾರಾಯ್ತಿ. ನಂಗೂ ಇದೆ. ಇಲ್ದಿರೋ ದಿನ ಗಾಡಿ ಮುಟ್ಟಬಾರ್ದು."

ಆಮೇಲೆ ಅಜ್ಜ ಹೇಳಿದ್ದು ಪದಕದ ಕಥೆಯಲ್ಲಿ ಇರದಿದ್ದ ಮಾತು. ಆ ವಿಮಾನ ಬಿದ್ದ ದಿನ ತಾನೂ ಮೋಡದೊಳಗೆ ಸಿಕ್ಕಿಕೊಂಡು, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ, ಅವ್ವಾ ಎಂದು ಕೂಗಿದ್ದೆ ಅಂದರು. ಪ್ಯಾಂಟು ಒದ್ದೆಯಾಗಿತ್ತು ಅಂದರು. ಕೆಳಗೆ ಬಿದ್ದವನೂ ಅವ್ವಾ ಅಂದಿರಬೇಕು, ಆ ಕೂಗು ಈಗಲೂ ನಿದ್ದೆಯಲ್ಲಿ ಕೇಳುತ್ತದೆ ಅಂದರು. ಎಂಜಿನ್ನಿನ ಗಡಗಡ, ಹುಡ್ಡಿನ ಮೇಲೆ ಮಳೆಯ ಬಡಿತ, ಅದರ ನಡುವೆ ಅಜ್ಜನ ದನಿ ಮಾತ್ರ ಕಣಿವೆ ತುಂಬುವಷ್ಟು ದೊಡ್ಡದಾಗಿ ಕೇಳುತ್ತಿತ್ತು. ಹೆದರಿದಾಗ ಎಲ್ಲವೂ ಹಾಗೇ ಕೇಳುತ್ತದೆ ಎಂದುಕೊಂಡೆ.

ಅಜ್ಜ ಮೈಕ್ ಆಫ್ ಮಾಡಿರಲಿಲ್ಲ. ವಿಮಾನದಲ್ಲಿ ಗುಂಡಿ ಒತ್ತಿ ಹಿಡಿದರೆ ಮಾತು ಹೋಗುತ್ತದೆ, ಬೆರಳು ತೆಗೆದರೆ ತಾನಾಗಿ ನಿಲ್ಲುತ್ತದೆ. ನಮ್ಮ ಬಾಡಿಗೆ ಮೈಕಿನ ಗುಂಡಿಗೆ ಆ ಶಿಸ್ತಿರಲಿಲ್ಲ. ಹುಡುಗ ಇದ್ದಿದ್ದರೆ ಅವನೇ ಆರಿಸುತ್ತಿದ್ದ. ಕೆಳಗೆ ತೋಟದ ಆಳುಗಳ ಸಾಲುಮನೆಗಳಿದ್ದ ಕೂಲಿ ಲೈನಿನ ಒಲೆಗಳ ಮುಂದೆ, ಶಾಲೆಯ ಜಗಲಿಯಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದರು. ಮರುದಿನದಿಂದ ಎದುರು ಪಕ್ಷದವರ ಜೀಪು ಮೂಡಿಗೆರೆಯ ತುಂಬ 'ಅವ್ವಾ' ಎಂದು ಕೂಗಿಕೊಂಡು ತಿರುಗಿತು. ಅಜ್ಜ ಸೋತರು. ಆ ಕಣಿವೆಯ ಬೂತಿನಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಆ ಗುರುತಿಲ್ಲದ ಹೂವಿಗೇ ಒತ್ತಿದ್ದರು. ಅದಾದ ಮೇಲೆ ಅಜ್ಜ ಮೈಕ್ ಹಿಡಿಯಲಿಲ್ಲ, ಮೂರು ಮಳೆಗಾಲದೊಳಗೆ ತೀರಿಹೋದರು. ಸೇತುವೆ ಅವರು ಹೋದ ಮೇಲೆ ಬಂತು.

ಆದರೆ ಆ ಸಂಜೆ ಇದೊಂದೂ ನಮಗೆ ತಿಳಿಯದು. ಅಜ್ಜ ಬ್ರೇಕಿಗೆ ಎರಡನೇ ಕೈಯನ್ನೂ ಹಾಕಿದ್ದರು. ಆಗ ಬಿಳಿಯೊಳಗಿಂದ ಒಂದು ಟಾರ್ಚಿನ ಬೆಳಕು, ಅದರ ಹಿಂದೆ ಹಗ್ಗ ಹೊತ್ತ ಲೈನಿನವರು, ಎಲ್ಲರಿಗಿಂತ ಮುಂದೆ ಬರಿಗಾಲಲ್ಲಿ ಏದುಸಿರು ಬಿಡುತ್ತಾ ನನ್ನ ಅಪ್ಪ. ಅವರು ಬಯ್ಯಲಿಲ್ಲ. ಹಿಂದಿನವರು ಜೀಪಿಗೆ ಹಗ್ಗ ಬಿಗಿಯುತ್ತಿದ್ದಾಗ ಅಜ್ಜನ ಕಡೆಯಿಂದ ಒಳಗೆ ಬಗ್ಗಿ, ಮಡಿಲಲ್ಲಿದ್ದ ಮೈಕಿನ ಗುಂಡಿ ಹುಡುಕಿದರು.

"ಸಾಕು ಚಿಕ್ಕಪ್ಪ. ಊರೆಲ್ಲ ಕೇಳ್ತು."

ಟಕ್. ಕಣಿವೆ ಸುಮ್ಮನಾಯಿತು. ಅಜ್ಜ ಆ ಗುಂಡಿಯನ್ನೇ ನೋಡುತ್ತಾ ಕೂತರು. ಅಪ್ಪ ನನ್ನತ್ತ ಕೈ ಚಾಚಿ, ಜೀವಮಾನದಲ್ಲಿ ಮೊದಲ ಸಲ ಆ ಶಾಸ್ತ್ರ ಮಾಡಿದರು. ಕೈ? ಸರಿ ಅಂದೆ. ಕಾಲು? ಸರಿ. ಮೂರನೆಯದನ್ನು ಕೇಳಲು ಬಾಯಿ ತೆರೆದವರು ಕೇಳಲಿಲ್ಲ. ನನ್ನ ಮುಂಗೈ ಹಿಡಿದಿದ್ದ ಅವರ ಬೆರಳುಗಳೇ ಉತ್ತರ ಹೇಳುತ್ತಿದ್ದವು.